ನಿಯಮ ಬರೆದವರು ಯಾರು?

ಬೋಧನಾಭ್ಯಾಸದ ಅವಲೋಕನಕ್ಕೆಂದು ಶಾಲೆಗಳಿಗೆ ಹೋದಾಗ ಕ್ರೀಡೆಯ ಕುರಿತ ಪಾಠಗಳನ್ನು ಸಾಕಷ್ಟು ನೋಡಿದ್ದೇನೆ. ಚೆಸ್ ಎಂದರೆ ಕಪ್ಪುಹಲಗೆಯ ಮೇಲೆ ಮೂರು ಸಾಲು: 1961, ಮ್ಯಾನ್ಯುಯೆಲ್ ಆರನ್, ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್, 1988, ವಿಶ್ವನಾಥನ್ ಆನಂದ್, ಮೊದಲ ಗ್ರ್ಯಾಂಡ್‌ಮಾಸ್ಟರ್, 2024, ಬುಡಾಪೆಸ್ಟ್ ಒಲಿಂಪಿಯಾಡ್‌ನಲ್ಲಿ ಎರಡು ಚಿನ್ನ. ಮಕ್ಕಳು ಬರೆದುಕೊಳ್ಳುತ್ತಾರೆ, ಗಂಟೆ ಹೊಡೆಯುತ್ತದೆ. ಆಟ ನಡೆಸುವ ಸಂಸ್ಥೆಯ ಚರಿತ್ರೆಯನ್ನೇ ಪಾಠವಾಗಿಸಿದರೆ ಪೌರನೀತಿಗೆ ಅದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಅಖಿಲ ಭಾರತ ಚೆಸ್ ಒಕ್ಕೂಟ ಸ್ಥಾಪನೆಯಾದದ್ದು 1951ರಲ್ಲಿ. ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆದದ್ದು 1955ರಲ್ಲಿ, ಏಲೂರಿನಲ್ಲಿ; ರಾಮಚಂದ್ರ ಸಪ್ರೆ ಮತ್ತು ಡಿ. ವೆಂಕಯ್ಯ ಪ್ರಶಸ್ತಿ ಹಂಚಿಕೊಂಡರು. ಅದಕ್ಕೂ ಹಿಂದೆ ನಮ್ಮಲ್ಲಿ ಹಲವೆಡೆ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಸಾಗುತ್ತಿತ್ತು. ರಾಜ ಒಮ್ಮೆ ಕುದುರೆಯಂತೆ ನೆಗೆಯಬಹುದಿತ್ತು. ಆ ಪದ್ಧತಿಯಲ್ಲಿ ಬೆಳೆದ ಸುಲ್ತಾನ್ ಖಾನ್ ಹೊಸ ನಿಯಮ ಕಲಿತು 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಅಂದರೆ ನಿಯಮ ಆಕಾಶದಿಂದ ಬಿದ್ದದ್ದಲ್ಲ. ಜನ ಕೂಡಿ ಒಪ್ಪಿಕೊಂಡದ್ದು.

ಒಪ್ಪಿಕೊಂಡದ್ದನ್ನು ಪ್ರಶ್ನಿಸಲೂಬಹುದು. ಮಹಿಳೆಯರ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ 1974ರಲ್ಲಿ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. ಗೆದ್ದವರು ವಾಸಂತಿ ಖಾಡಿಲ್ಕರ್. ಎರಡೇ ವರ್ಷಕ್ಕೆ ಅವರ ತಂಗಿ, 13 ವರ್ಷದ ರೋಹಿಣಿ, ಪುರುಷರ ಚಾಂಪಿಯನ್‌ಷಿಪ್‌ನಲ್ಲಿ ಆಡಿದಾಗ ಗದ್ದಲವೆದ್ದು ವಿಷಯ ಹೈಕೋರ್ಟಿಗೆ ಹೋಯಿತು. ಮಹಿಳೆಯರನ್ನು ಅಂಥ ಸ್ಪರ್ಧೆಗಳಿಂದ ಹೊರಗಿಡುವಂತಿಲ್ಲ ಎಂದು ವಿಶ್ವ ಚೆಸ್ ಸಂಸ್ಥೆಯ ಅಧ್ಯಕ್ಷ ಮ್ಯಾಕ್ಸ್ ಯೂವೆ ತೀರ್ಮಾನ ಕೊಟ್ಟರು.

ಈಚೆಗೆ ಒಂದು ತರಗತಿಯಲ್ಲಿ ಹುಡುಗಿಯೊಬ್ಬಳು, “ಮಿಸ್, ಚೆಸ್‌ನಲ್ಲಿ ಓಡೋದು ಇಲ್ಲ, ಎತ್ತೋದು ಇಲ್ಲ, ಮತ್ತೆ ಹೆಣ್ಮಕ್ಕಳಿಗೆ ಬೇರೆ ಯಾಕೆ?” ಎಂದು ಕೇಳಿದಳು. “ಅದು ರೂಲ್ಸ್ ಅಮ್ಮ, ಕೂತ್ಕೋ” ಎಂಬ ಉತ್ತರ ಬಂತು. ಆ ಪ್ರಶಿಕ್ಷಣಾರ್ಥಿಯನ್ನು ನಾನು ದೂರುವುದಿಲ್ಲ. ಆಕೆಯ ಪಾಠಯೋಜನೆಯಲ್ಲಿ ಆ ಪ್ರಶ್ನೆಗೆ ಜಾಗವೇ ಇರಲಿಲ್ಲ. ಆದರೆ ಆ ದಿನ ಹುಡುಗಿ ಕಲಿತದ್ದು ಚೆಸ್ ಅಲ್ಲ, ಪ್ರಶ್ನೆ ಕೇಳಬಾರದು ಎಂಬುದನ್ನು.

ನಲವತ್ತು ನಿಮಿಷದಲ್ಲಿ ಇದೆಲ್ಲ ಆಗುತ್ತದೆಯೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಎಲ್ಲವೂ ಬೇಡ. ಹತ್ತು ಇಸವಿಗಳ ಬದಲು 1976ರ ಪ್ರಸಂಗವೊಂದನ್ನೇ ಹೇಳಿ, ತರಗತಿಯನ್ನು ಎರಡು ಗುಂಪು ಮಾಡಿ, ಒಂದು ಕಡೆಯವರು ಒಕ್ಕೂಟದ ಪರ, ಇನ್ನೊಂದು ಕಡೆಯವರು ರೋಹಿಣಿಯ ಪರ ವಾದಿಸಲಿ. ಸಂಸ್ಥೆ, ನಿಯಮ, ಮೇಲ್ಮನವಿ, ನ್ಯಾಯಾಲಯ ಎಂಬ ನಾಲ್ಕು ಪರಿಕಲ್ಪನೆಗಳು ಅಷ್ಟರಲ್ಲೇ ಬಂದುಬಿಡುತ್ತವೆ. ಸಂಸ್ಥೆಯ ವಿವಾದ ಮಕ್ಕಳಿಗೇಕೆ ಎಂಬ ಆಕ್ಷೇಪವೂ ಇದೆ. ವಿವಾದ ಹೇಗೆ ಬಗೆಹರಿಯಿತು ಎಂದು ತಿಳಿಯದ ಮಗು ಸಂಸ್ಥೆಗಳನ್ನು ಒಂದೋ ಪೂಜಿಸುತ್ತದೆ, ಇಲ್ಲವೇ ಬೈಯುತ್ತದೆ, ಎರಡೂ ಪೌರಪ್ರಜ್ಞೆಯಲ್ಲ.

ಮುಂದಿನ ಬೋಧನಾಭ್ಯಾಸದ ಪಾಠಯೋಜನೆಗಳಿಗೆ ಸಹಿ ಹಾಕುವ ಮುನ್ನ ಮಾರ್ಗದರ್ಶಕರು ಒಂದೇ ಒಂದು ಪ್ರಶ್ನೆ ಕೇಳಲಿ: “ಇದು ನಿಯಮ ಎಂದು ನೀವು ಹೇಳುವ ಕಡೆ, ಅದನ್ನು ಮಾಡಿದವರು ಯಾರು ಎಂದು ಕೇಳಲು ಮಗುವಿಗೆ ಎಷ್ಟು ನಿಮಿಷ ಇಟ್ಟಿದ್ದೀರಿ?”