ಹಳೆಯ ಎಂಜಿನು ಅಸಲೋ, ಅಲ್ಲವೋ?

ಸಂಜಯನಗರದ ನಮ್ಮ ಬೀದಿಯ ಒಂದು ಮನೆಯಲ್ಲಿ, ಹಿತ್ತಲಿನ ಮಾಡಿನ ಕೆಳಗೆ, ಜಾವಾ ಮೋಟಾರು ಸೈಕಲ್ಲೊಂದು ಬಹುಕಾಲದಿಂದ ಗೋಣಿಯನ್ನು ಹೊದ್ದು ನಿಂತಿರುವುದು. ಮನೆಯ ಯಜಮಾನರು 1967ರಲ್ಲಿ ಹೊಸದಾಗಿ ಕೊಂಡುದು. ಅವರು ತೀರಿಕೊಂಡು ಮೂರು ವರ್ಷಗಳಾದುವು. ಮೊಮ್ಮಗನ ಕಾಲೇಜಿನ ಶುಲ್ಕಕ್ಕಾಗಿ ಅದನ್ನು ಮಾರಿಬಿಡುವುದೆಂದು ಆ ಮನೆಯ ಹಿರಿಯ ತಾಯಿಯವರು ನಿಶ್ಚಯಿಸಿದರು. ಕೊಳ್ಳಲು ಬಂದವನೊಬ್ಬನು ಮೊದಲು ಒಂದು ಬೆಲೆಗೆ ಒಪ್ಪಿ, ಮರುದಿನ ಬಂದು, “ಎಂಜಿನು ಅಸಲಲ್ಲ, ಸಿಲಿಂಡರು ಬೋರು ಮಾಡಿಸಿದ್ದಾರೆ, ನಂಬರೂ ಪುಸ್ತಕಕ್ಕೆ ಹೊಂದುವುದಿಲ್ಲ” ಎಂದು ಅರ್ಧ ಬೆಲೆಗೆ ಕೇಳಿದನು.

“ಮೇಷ್ಟ್ರೇ, ತಾವೊಮ್ಮೆ ಬಂದು ನೋಡಬೇಕು. ಬೇರೆ ಎಂಜಿನು ಹಾಕಿಸಿದ್ದರೆ ಅವರು ನನಗೆ ಹೇಳದೆ ಇರುತ್ತಿರಲಿಲ್ಲ” ಎಂದು ಆ ತಾಯಿಯವರು ನಮ್ಮಲ್ಲಿ ಕೇಳಿಕೊಂಡರು. ದುಡ್ಡಿಗಿಂತ ಈ ಎರಡನೆಯ ಮಾತೇ ಅವರನ್ನು ಹೆಚ್ಚಾಗಿ ನೋಯಿಸಿತ್ತೆಂದು ನಮಗೆ ತೋರಿತು.

ನಾವು ಜೀವಮಾನವೆಲ್ಲ ಮಕ್ಕಳಿಂದ ಶಬ್ದರೂಪ ಧಾತುರೂಪಗಳನ್ನು ಒಪ್ಪಿಸಿಕೊಂಡವರು. ಯಂತ್ರವಿದ್ಯೆಯಲ್ಲಿ ನಮಗೆ ಪರಿಶ್ರಮವಿಲ್ಲ. ಆದರೆ ಓಲೆಗರಿಯಲ್ಲಿ ಯಾರೋ ಕೆರೆದು ತಿದ್ದಿದ ಅಕ್ಷರವನ್ನು ಗುರುತಿಸುವ ಅಭ್ಯಾಸವು ಸ್ವಲ್ಪ ಉಂಟು. ಹಳೆಯ ಗಾಡಿಗಳಲ್ಲಿ ಕೈಪಳಗಿದ ಮೆಕ್ಯಾನಿಕರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋದೆವು. ಅವರಿಂದ ಕಲಿತುದನ್ನು ವಾಚಕರ ಮುಂದಿಡುತ್ತೇವೆ. ಇಂತಹ ಗಾಡಿಯು ಇನ್ನೂ ಎಷ್ಟೋ ಮನೆಗಳ ಮೂಲೆಯಲ್ಲಿರಬಹುದಷ್ಟೆ.

ಜಾವಾ ಎಂಬುದು ಜೆಕೊಸ್ಲೊವಾಕಿಯಾ ದೇಶದಲ್ಲಿ 1929ರಲ್ಲಿ ಹುಟ್ಟಿದ ಹೆಸರು. ಯಾನೆಚೆಕ್, ವಾಂಡರರ್ ಎಂಬೆರಡು ಹೆಸರುಗಳ ಮೊದಲಕ್ಷರಗಳ ಸಂಧಿ. ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಈ ಗಾಡಿಗಳನ್ನು ಮಾಡಲಾರಂಭಿಸಿತು. ಮುಂದೆ ಅದೇ ಕಾರ್ಖಾನೆಯ ಗಾಡಿಗಳಿಗೆ ಯೆಜ್ಡಿ ಎಂಬ ಹೆಸರು ಬಂದಿತು. 1996ರಲ್ಲಿ ಅಲ್ಲಿಯ ಕೆಲಸವು ನಿಂತಿತು. ಜಾವಾದ ಚೌಕಟ್ಟಿನಲ್ಲಿ ಯೆಜ್ಡಿಯ ಎಂಜಿನನ್ನು ಕೂರಿಸಿ ಓಡಿಸಿದವರು ಅನೇಕರು. ಅಂದಿಗೆ ಅದು ತಪ್ಪೂ ಅಲ್ಲ, ಮೋಸವೂ ಅಲ್ಲ. ಗಾಡಿ ಓಡಿದರೆ ಸಾಕಾಗಿತ್ತು. ಅದನ್ನೇ ಈಗ ಅಸಲೆಂದು ಮಾರುವುದು ಮೋಸ.

ಹಾಗಾದರೆ ಎಂಜಿನಿನಲ್ಲಿ ಯಾವುದು ಎಂಜಿನು? ಪಿಸ್ಟನ್ನು, ಅದರ ಉಂಗುರಗಳು, ಬೇರಿಂಗುಗಳು ಸವೆಯುವ ವಸ್ತುಗಳು. ಸಿಲಿಂಡರಿನ ಒಳಮೈಯೂ ಸವೆಯತಕ್ಕುದೇ; 65 ಮಿಲಿಮೀಟರಿನ ರಂಧ್ರವನ್ನು ಕೊಂಚ ಕೊರೆಯಿಸಿ ದೊಡ್ಡ ಪಿಸ್ಟನ್ನನ್ನು ಹಾಕಿಸುವುದು, ಪಾದರಕ್ಷೆಗೆ ಹೊಸ ಅಟ್ಟೆ ಹೊಲಿಸಿದಂತೆ. ಇದರಿಂದ ಅಸಲುತನಕ್ಕೆ ಕುಂದಿಲ್ಲ. ಇವೆಲ್ಲವನ್ನೂ ಒಡಲಲ್ಲಿಟ್ಟುಕೊಂಡಿರುವ ಕ್ರ್ಯಾಂಕ್ ಕೇಸೆಂಬ ಅಲ್ಯೂಮಿನಿಯಮ್ ಎರಕದ ಪೆಟ್ಟಿಗೆಯುಂಟಷ್ಟೆ. ಸಂಖ್ಯೆಯನ್ನು ಒತ್ತಿರುವುದು ಅದರ ಮೇಲೆ. ಅದು ಬದಲಾಯಿತೋ, ಎಂಜಿನು ಬದಲಾಯಿತು. ಆದುದರಿಂದ ಬೋರು ಮಾಡಿಸಿದ್ದಾರೆಂಬ ಆಕ್ಷೇಪಣೆಯು ತರ್ಕದವರು ಹೇಳುವ ಹೇತ್ವಾಭಾಸ. ಟ್ಯಾಂಕಿನ ಮೇಲಿನ ಹೆಸರು, ಹೊಳೆಯುವ ಬಣ್ಣ, ಇವನ್ನೂ ಸಾಕ್ಷಿಯಾಗಿ ಹಿಡಿಯಲಾಗದು. ಒಂದು ಮಧ್ಯಾಹ್ನದಲ್ಲಿ ಬದಲಾಯಿಸಬಹುದಾದುವು.

ಅಮೆರಿಕಾದಲ್ಲಿ 1960ರ ದಶಕದ ಮಸಲ್ ಕಾರುಗಳ ವಿಷಯದಲ್ಲಿ ಈ ಪರೀಕ್ಷೆಯು ಒಂದು ಶಾಸ್ತ್ರವೇ ಆಗಿದೆ. ಎರಕದಲ್ಲಿ ಮೂಡಿರುವ ತಾರೀಖು ಕಾರನ್ನು ಜೋಡಿಸಿದ ದಿನಕ್ಕಿಂತ ಈಚಿನದಾಗಿದ್ದರೆ, ಮಗನ ಮದುವೆಗೆ ತಂದೆ ಹುಟ್ಟಿದಂತಾಗುವುದು. ಷೆವರ್ಲೆ ಎಂಜಿನುಗಳಲ್ಲಿ ಸಂಖ್ಯೆಯ ಕೆಳಗೆ ಕಾರ್ಖಾನೆಯ ಯಂತ್ರವು ಬಿಟ್ಟ ಸಣ್ಣ ಸಣ್ಣ ಸಮಾನಾಂತರ ಗೀರುಗಳಿರುತ್ತವೆ. ಹಳೆಯ ಸಂಖ್ಯೆಯನ್ನು ಉಜ್ಜಿ ಹೊಸದನ್ನು ಒತ್ತಿದವನ ಕೈಯಲ್ಲಿ ಆ ಗೀರುಗಳೂ ಅಳಿಸಿಹೋಗಿ ಅವನನ್ನು ಹಿಡಿದುಕೊಡುತ್ತವೆ.

ನಮ್ಮ ಮೆಕ್ಯಾನಿಕರು ಮಾಡಿದುದೂ ಈ ದಾರಿಯಲ್ಲಿಯೇ. ಮೊದಲು ಸೀಮೆಎಣ್ಣೆ ತೊಯ್ಸಿದ ಬಟ್ಟೆಯಿಂದ ಜಿಡ್ಡನ್ನು ನೆನೆಸಿ ನೆನೆಸಿ ತೆಗೆದರು. ಮರಳುಕಾಗದವನ್ನಾಗಲಿ ತಂತಿಯ ಬ್ರಷ್ಷನ್ನಾಗಲಿ ಮುಟ್ಟಗೊಡಲಿಲ್ಲ. ಸಾಕ್ಷಿಯನ್ನು ಕೊಂದು ವಿಚಾರಣೆ ಮಾಡಲಾಗದಷ್ಟೆ. ಆಮೇಲೆ ಟಾರ್ಚನ್ನು ಎದುರಿಗೆ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿದರು. ಎರಕದ ತರಿತರಿ ಮೈಯು ಅಂಕಿಗಳ ಸುತ್ತಲೂ ಹಾಗೆಯೇ ಇತ್ತು. ಅರದಿಂದ ಉಜ್ಜಿದ ತಗ್ಗಾಗಲಿ ನುಣುಪಾಗಲಿ ಕಾಣಲಿಲ್ಲ. ಕೊನೆಗೆ ತೆಳುಕಾಗದವನ್ನು ಒತ್ತಿ ಹಿಡಿದು ಪೆನ್ಸಿಲಿನಿಂದ ಉಜ್ಜಿ ಪಡಿಯಚ್ಚನ್ನು ತೆಗೆದರು. ಕಣ್ಣಿಗೆ 3 ಎಂದು ಕಂಡಿದ್ದ ಕೊನೆಯ ಅಂಕಿಯು ಕಾಗದದಲ್ಲಿ 8 ಎಂದು ಮೂಡಿತು! ಅದರ ಎಡಮಗ್ಗುಲಲ್ಲಿ ಐವತ್ತು ವರ್ಷದ ಜಿಡ್ಡು ಗಟ್ಟಿಯಾಗಿ ಕುಳಿತಿದ್ದಿತು. ಆರ್.ಸಿ. ಪುಸ್ತಕದಲ್ಲಿಯೂ 8 ಎಂದೇ ಇರುವುದು. ಆ ತಾಯಿಯವರು ಒಳಗಿನಿಂದ ತಗಡಿನ ಪೆಟ್ಟಿಗೆಯನ್ನು ತಂದರು. ಬೋರು ಮಾಡಿಸಿದ ಅಂಗಡಿಯ ರಸೀದಿಯೂ ಅದರಲ್ಲಿತ್ತು. ಯಜಮಾನರು ಅದರ ಬೆನ್ನಿನ ಮೇಲೆ ಅಂದಿನ ಹಾಲಿನ ಲೆಕ್ಕವನ್ನು ಬರೆದಿದ್ದರು.

ಇಷ್ಟು ಶ್ರಮವೇಕೆಂದರೆ, 2021ರ ಕೇಂದ್ರ ನಿಯಮದಂತೆ, ಮೊದಲು ನೋಂದಣಿಯಾಗಿ 50 ವರ್ಷ ಮೀರಿ, ಚೌಕಟ್ಟಿನಲ್ಲಿಯೂ ಎಂಜಿನಿನಲ್ಲಿಯೂ ಹೆಚ್ಚಿನ ಮಾರ್ಪಾಡಿಲ್ಲದೆ ಮೂಲರೂಪದಲ್ಲಿ ಉಳಿದ ಗಾಡಿಯು ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿಗೆ ಅರ್ಹವಾಗುವುದು. ಕೊಳ್ಳಲು ಬಂದ ಮಹಾಶಯನಿಗೆ ಇದು ತಿಳಿಯದೆ ಇರಲಾರದು. ಇನ್ನೊಂದು ಮಾತು: ಸಂಖ್ಯೆಯು ನಿಜವಾಗಿಯೇ ಸವೆದುಹೋಗಿದ್ದರೆ ಬೀದಿಯ ಅಂಗಡಿಯಲ್ಲಿ ಹೊಸದಾಗಿ ಒತ್ತಿಸಬಾರದು, ಸಾರಿಗೆ ಕಚೇರಿಯ ಅನುಮತಿಯನ್ನು ಪಡೆದೇ ಮಾಡಿಸತಕ್ಕದ್ದು. ಇಲ್ಲದಿದ್ದರೆ ಅಸಲು ಗಾಡಿಯೇ ಕಳವಿನ ಗಾಡಿಯಂತೆ ಕಾಣುವುದು.

ಪಡಿಯಚ್ಚಿನ ಕಾಗದವು ಈಗ ಆರ್.ಸಿ. ಪುಸ್ತಕದೊಳಗೆ ಮಡಿಸಿಟ್ಟಿದೆ. ಬರುವ ಭಾನುವಾರ ಆ ಮನುಷ್ಯನು ಮತ್ತೆ ಬರುವನಂತೆ. ಟಾರ್ಚನ್ನು ತಾನೇ ತರಬೇಕೆಂದು ತಾಯಿಯವರು ಹೇಳಿ ಕಳುಹಿಸಿದ್ದಾರೆ.