ಅಟ್ಟದ ಮೇಲಿನ ಫೈಲು

ಬೀದರಿನ ಗಾಂಧಿ ಗಂಜಿನಲ್ಲಿ ತೊಗರಿ ಹಸನು ಮಾಡಿಯೇ ಅವ್ವ ನನ್ನನ್ನು ಓದಿಸಿದ್ದು. ಜನವರಿಯಲ್ಲಿ ಗಂಜಿನ ತುಂಬಾ ತೊಗರಿ ರಾಶಿ. ಅಂಥ ಸುಗ್ಗಿಯಲ್ಲೇ ಆಕೆ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದಳು. "ಮೊಣಕಾಲು ನೋಯ್ತಾವ" ಅಂದಳು. ಹೈದರಾಬಾದಿನಲ್ಲಿದ್ದ ನಾನು ವಿಡಿಯೋ ಕಾಲ್‌ನಲ್ಲೇ ನಂಬಿಬಿಟ್ಟೆ.

ಸಂಕ್ರಾಂತಿಗೆ ಊರಿಗೆ ಹೋದಾಗ ಬಚ್ಚಲಲ್ಲಿ ರಕ್ತ ಕಂಡಿತು. ಒತ್ತಾಯಿಸಿ ಕೇಳಿದೆ.

"ಒಂದಕ್ಕ ಹೋದ್ರ ರಕ್ತ ಬರ್ತಾದ. ನಾಕು ತಿಂಗಳಾತು. ಮಗನ ಮುಂದ ಹ್ಯಾಂಗ ಹೇಳ್ಲಿ?"

ಮೂರು ಸಲ ಉರಿಮೂತ್ರದ ಗುಳಿಗೆ ನುಂಗಿದ್ದಳು. ಒಂಬತ್ತು ವರ್ಷದ ಹಿಂದೆ ಗರ್ಭಕೊರಳಿನ ಕ್ಯಾನ್ಸರ್‌ಗೆ ರೇಡಿಯೇಷನ್ ಆಗಿದ್ದನ್ನು ಮಾತ್ರ ಹೇಳಿರಲಿಲ್ಲ. ಆಕೆಗೆ ಅದು ಮುಗಿದ ಕಥೆ. ಫೈಲು ಅಟ್ಟದ ಮೇಲಿತ್ತು.

ಫೈಲು ನೋಡಿದ ಯೂರಾಲಜಿಸ್ಟ್ ಕ್ಯಾಮೆರಾ ನಳಿಕೆ ಹಾಕಿ ಮೂತ್ರಕೋಶ ಪರೀಕ್ಷಿಸಿದರು. ಕ್ಯಾನ್ಸರ್ ಮರಳಿರಲಿಲ್ಲ. ರೇಡಿಯೇಷನ್ ಮೂತ್ರಕೋಶದ ಸಣ್ಣ ರಕ್ತನಾಳಗಳನ್ನು ವರ್ಷಗಟ್ಟಲೆ ನಿಧಾನವಾಗಿ ಮುಚ್ಚುತ್ತದೆ. ಆಮ್ಲಜನಕ ಸಿಗದ ಒಳಪದರದಲ್ಲಿ ಹುಟ್ಟುವ ಹೊಸ ನಾಳಗಳು ತೀರಾ ನಾಜೂಕು, ಸುಮ್ಮನೆ ಒಡೆಯುತ್ತವೆ.

ಮೊದಲು ಕ್ಯಾತಿಟರ್ ಹಾಕಿ ಹೆಪ್ಪುಗಟ್ಟಿದ ರಕ್ತ ತೊಳೆದರು, ಸೋರುವ ಜಾಗಗಳನ್ನು ಸುಟ್ಟು ಮುಚ್ಚಿದರು. ತಿಂಗಳಲ್ಲಿ ರಕ್ತ ಮತ್ತೆ ಬಂತು. ಆಗ ಹೇಳಿದ್ದು ಹೈಪರ್‌ಬೇರಿಕ್ ಆಕ್ಸಿಜನ್: ಒತ್ತಡ ಹೆಚ್ಚಿಸಿದ ಕೋಣೆಯಲ್ಲಿ ಕೂತು ಸುಮಾರು 90 ನಿಮಿಷ ಶುದ್ಧ ಆಮ್ಲಜನಕ ಉಸಿರಾಡುವುದು, ಹೀಗೆ 30ರಿಂದ 40 ಸಲ. ಒಣಗಿದ ಜಾಗಕ್ಕೆ ಹೊಸ ರಕ್ತನಾಳ ಬೆಳೆಯಲು ಅದು ನೆರವಾಗುತ್ತದೆ. 2019ರಲ್ಲಿ ಪ್ರಕಟವಾದ ಉತ್ತರ ಯುರೋಪಿನ ಅಧ್ಯಯನದಲ್ಲೂ ಇದರಿಂದ ರೋಗಿಗಳ ತೊಂದರೆ ತಗ್ಗಿತ್ತು. ಎಲ್ಲರಿಗೂ ಫಲಿಸುತ್ತದೆ ಅಂತಲ್ಲ, ಖರ್ಚೂ ಇದೆ.

ಅವ್ವ ಎಂಟು ವಾರ ನನ್ನ ಬಾಡಿಗೆ ರೂಮಿನಲ್ಲಿದ್ದಳು. "ಕಿವಿ ಟಪ್ ಅಂತಾವ" ಅನ್ನುತ್ತಲೇ ನಲವತ್ತೂ ಮುಗಿಸಿದಳು. ರಕ್ತ ನಿಧಾನಕ್ಕೆ ನಿಂತಿತು.

ನಿಮ್ಮ ಮನೆಯಲ್ಲೂ ಯಾರಿಗಾದರೂ ಹೊಟ್ಟೆಯ ಕೆಳಭಾಗಕ್ಕೆ ರೇಡಿಯೇಷನ್ ಆಗಿದ್ದರೆ, ಹತ್ತು ವರ್ಷ ಕಳೆದಿದ್ದರೂ ಡಾಕ್ಟರಿಗೆ ಮೊದಲು ಅದನ್ನೇ ಹೇಳಿ. ಮೂತ್ರದಲ್ಲಿ ರಕ್ತ ಕಂಡರೆ ಕಾಯಬೇಡಿ. ಹೆಪ್ಪು ಅಡ್ಡ ಬಂದು ಮೂತ್ರವೇ ಕಟ್ಟಿದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಹಳೆ ಫೈಲಿನ ಫೋಟೋ ನಿಮ್ಮ ಫೋನಿನಲ್ಲಿರಲಿ.

ಅವ್ವ ಈಗ ಮತ್ತೆ ಗಂಜಿಗೆ ಹೋಗುತ್ತಾಳೆ. ದಿನಾ ಸಂಜೆ ಫೋನ್ ಮಾಡಿ, ಊಟದ ಸುದ್ದಿಗೂ ಮುಂಚೆ, ನಾನು ಕೇಳದೆಯೇ ಹೇಳುತ್ತಾಳೆ: "ಇವತ್ತೂ ಸ್ವಚ್ಛ ಅದ."