ಅಕ್ಷರವೆಲ್ಲ ಚರಾಕ್ಷರವಲ್ಲ

ನಂದಿನಿ ಲೇಔಟ್‌ನಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಸಿಂಪೈ ಕಲಿಯುತ್ತಿದ್ದಾಳೆ. ಅದು ಪೈಥಾನ್‌ನಲ್ಲಿ ಬೀಜಗಣಿತ ಮಾಡುವ ಉಚಿತ ತಂತ್ರಾಂಶ. ಅಂಕಿ ಕಂಡರೆ ಸಂಖ್ಯೆ, ಅಕ್ಷರ ಕಂಡರೆ ಚರಾಕ್ಷರ ಅಂತ ಅವಳಂತೆ ನಾವೂ ನಂಬಿದ್ದೆವು. ಅಲ್ಲ. ಅದರಲ್ಲಿ ‘ಪೈ’ ಅಕ್ಷರದಲ್ಲಿದ್ದರೂ ಸಂಖ್ಯೆಯೇ. ಅದೇ ಹೆಸರನ್ನು ‘ಸಿಂಬಲ್’ ಎಂದು ಬರೆದುಕೊಂಡರೆ ಮಾತ್ರ ಚರಾಕ್ಷರ. ನೋಡಲು ಎರಡೂ ಒಂದೇ, ಲೆಕ್ಕ ಬೇರೆ.

ಇದು ಹೊಸ ಮಾತಲ್ಲ. 1150ರಲ್ಲಿ ‘ಸಿದ್ಧಾಂತ ಶಿರೋಮಣಿ’ ಮುಗಿಸಿದ ಭಾಸ್ಕರಾಚಾರ್ಯರ ಬೀಜಗಣಿತದಲ್ಲಿ ಗೊತ್ತಿರುವ ಸಂಖ್ಯೆಗೆ ‘ರೂ’, ಗೊತ್ತಿಲ್ಲದ್ದಕ್ಕೆ ‘ಯಾ’ ಎಂಬ ಗುರುತಿದೆ. ‘ಯಾ 5 ರೂ 3’ ಅಂದರೆ ಇಂದಿನ 5 ಎಕ್ಸ್‌ಗೆ 3 ಕೂಡಿಸಿದಂತೆ.

ಎಕ್ಸ್ ಕಂಡೊಡನೆ ನಮ್ಮೂರ ಮಕ್ಕಳು ಹೆದರುತ್ತಾರೆ. ಸೂತ್ರ ಬಾಯಿಪಾಠ ಮಾಡಿಸುವ ಮೊದಲು ಒಂದು ಪ್ರಶ್ನೆ ಕಲಿಸೋಣ: ಇದರ ಬೆಲೆ ನಿಂತಿದೆಯೋ, ಇನ್ನೂ ಹುಡುಕಬೇಕೋ?